'ಟಪ್' ಎಂಬ ಬಾಗಿಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಕಂಪ್ಯೂಟರು, ಇನ್ನೊಂದು ತುದಿಯಲ್ಲಿ ಆರಿಹೋದ ಚಹಾ. ಕಿವಿಗೆ ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ ಕುಳಿತ ಹೆಂಗಸನ್ನು ಕಂಡರೆ ಧ್ಯಾನಕ್ಕೆ ಕೂತಿದ್ದಾಳೆ ಎಂದುಕೊಳ್ಳಬೇಕು. ಧ್ಯಾನವೂ ಇಲ್ಲ, ಮಣ್ಣೂ ಇಲ್ಲ. ಅವಳು ಕೇಳಿಸಿಕೊಳ್ಳುತ್ತಿರುವುದು 'ಟಪ್' ಎನ್ನುವ ಒಂದು ಪುಟ್ಟ ಸದ್ದನ್ನು. ಹಳೆಯ ಆಟದ ಯಂತ್ರದಿಂದ ಧ್ವನಿಮುದ್ರಿಸಿಕೊಂಡ ಟಪ್ ಒಮ್ಮೆ, ಕಂಪ್ಯೂಟರು ಮಾಡುವ ಟಪ್ ಒಮ್ಮೆ. ಮತ್ತೆ ಅದು, ಮತ್ತೆ ಇದು. ಬೀದಿಯಲ್ಲಿ ಗಾಡಿಗಳ ಗಲಾಟೆ ಶುರುವಾದರೆ ಈ ಕೆಲಸ ಕೆಟ್ಟಿತು, ಅದಕ್ಕೇ ಈ ಹೊತ್ತು.

ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಾರೆ. ನಾವೂ ಹಾಗೇ ಕರೆಯೋಣ, ಬೇಜಾರು ಮಾಡಿಕೊಳ್ಳುವ ಪೈಕಿಯಲ್ಲ. ಹೊಟ್ಟೆಪಾಡಿಗೆ ಹಲ್ಲಿನ ಸೆಟ್ಟು ಮಾಡುವ ಕೆಲಸ. ದಂತವೈದ್ಯರು ಕಳಿಸಿದ ಅಚ್ಚು ನೋಡಿಕೊಂಡು ಮೇಣದಲ್ಲಿ ಹಲ್ಲು ಜೋಡಿಸುವುದು, ಉಜ್ಜುವುದು, ಹೊಳಪು ಕೊಡುವುದು, ಸಂಜೆಯವರೆಗೂ ಇದೇ. ಬೆಳಗಿನ ಈ ಹೊತ್ತು ಮಾತ್ರ ಬಿಟ್ಟಿ ಚಾಕರಿಗೆ ಮೀಸಲು.

ಏನದು ಚಾಕರಿ? ಅಂಗೈಯಲ್ಲಿ ಹಿಡಿದು ಆಡುವ ಹಳೆಯ ಆಟದ ಯಂತ್ರಗಳು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಅವು ಹೇಗೆ ನಡೆದುಕೊಳ್ಳುತ್ತಿದ್ದವೋ ಹಾಗೇ ಫೋನೂ ನಡೆದುಕೊಳ್ಳುವಂತೆ ಮಾಡುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ಗುಬ್ಬಿ ದುಡಿಯುವ ಎಮ್ಯುಲೇಟರ್ ಮುಕ್ತ ತಂತ್ರಾಂಶ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಬಂದ ತಿದ್ದುಪಡಿಯನ್ನು ಒರೆಗೆ ಹಚ್ಚಿ ಒಳಗೆ ಸೇರಿಸುವವನನ್ನು ಎಲ್ಲರೂ 'ಯಜಮಾನ' ಎನ್ನುತ್ತಾರೆ. ಅವನ ಮುಖ ನೋಡಿದವರಿಲ್ಲ. ಸದ್ದಿನ ಭಾಗವೆಲ್ಲ ಗುಬ್ಬಿಯ ಪಾಲಿಗೆ ಬಂದಿದೆ.

"ಬಂತು ಅಂದ್ರೆ, ಬೇರೆ ಯಾರಿಗೂ ಬೇಕಾಗಿರಲಿಲ್ಲ," ಎಂದು ನಗುತ್ತಾಳೆ. "ಚಿತ್ರ ಚೆನ್ನಾಗಿ ಬಂದ್ರೆ ಎಲ್ಲರೂ ಹೊಗಳ್ತಾರೆ. ಸದ್ದು ಚೆನ್ನಾಗಿದ್ರೆ ಯಾರಿಗೂ ಗೊತ್ತೇ ಆಗಲ್ಲ."

ಗೊತ್ತಾಗುವವನು ಒಬ್ಬ ಮನೆಯಲ್ಲೇ ಇದ್ದಾನೆ. ಅವಳ ಅಣ್ಣ. ಟ್ಯಾಕ್ಸಿ ಕಚೇರಿಯಲ್ಲಿ ಫೋನ್ ಎತ್ತಿಕೊಂಡು ಗಾಡಿ ಕಳಿಸುವ ಕೆಲಸ. ಹರೆಯದಲ್ಲೇ ದೃಷ್ಟಿ ಮಂಜಾಗುತ್ತ ಬಂದು, ಈಗ ಪೂರ್ತಿ ಹೋಗಿದೆ. ಚಿಕ್ಕವರಿದ್ದಾಗ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಯಂತ್ರ, ಒಂದೇ ಆಟ: ಗುಹೆಯೊಳಗೆ ಬಾಗಿಲು ಹುಡುಕುತ್ತ ಹೋಗುವುದು. ಆಟದಲ್ಲಿ ಸತ್ತವರು ಯಂತ್ರವನ್ನು ಇನ್ನೊಬ್ಬರ ಕೈಗೆ ಕೊಡಬೇಕು ಎಂದು ಒಪ್ಪಂದ. ಅಣ್ಣನೋ, ಜಪ್ಪಯ್ಯ ಅಂದರೂ ಸಾಯುತ್ತಿರಲಿಲ್ಲ.

"ನನ್ನ ಸರದಿ ಅನ್ನೋದು ಬಂದದ್ದೇ ಅಪರೂಪ," ಎನ್ನುತ್ತಾಳೆ ಗುಬ್ಬಿ. "ಪಕ್ಕದಲ್ಲಿ ಕೂತು ಬರೀ ಕೇಳಿಸಿಕೊಂಡೇ ಬೆಳೆದೆ."

ಕಣ್ಣು ಹೋದ ಮೇಲೂ ಅಣ್ಣ ಆಟ ಬಿಡಲಿಲ್ಲ. ಹೆಜ್ಜೆಯ ಸದ್ದು, ನೀರು ತೊಟ್ಟಿಕ್ಕುವ ಸದ್ದು, ಗೋಡೆಗೆ ತಾಗಿದ ಸದ್ದು. ಇಡೀ ಗುಹೆ ಅವನ ಕಿವಿಯಲ್ಲೇ ಇತ್ತು. ಬಾಗಿಲಿನ ಎದುರು ನಿಂತಾಗ ಮಾತ್ರ ಆಟ ಮೌನ. ಆದರೆ ಆ ಗಳಿಗೆಯಲ್ಲಿ ಯಂತ್ರ ತನ್ನ ಸದ್ದಿನ ಭಾಗವನ್ನು ಆಫ್ ಮಾಡಿ ಮತ್ತೆ ಆನ್ ಮಾಡುತ್ತದೆ, ಸ್ಪೀಕರು 'ಟಪ್' ಎನ್ನುತ್ತದೆ. ಯಂತ್ರ ಮಾಡಿದವರ ಪ್ರಕಾರ ಅದೊಂದು ಕುಂದು. ಅಣ್ಣನ ಪ್ರಕಾರ ಅದೇ ಬಾಗಿಲು. ಯಂತ್ರ ಕೈಕೊಟ್ಟಾಗ ಎಮ್ಯುಲೇಟರನ್ನು ಅವನ ಫೋನಿಗೆ ಹಾಕಿಕೊಟ್ಟವಳು ಗುಬ್ಬಿ.

ಎಡವಟ್ಟು ಮಾಡಿದವಳೂ ಅವಳೇ. ಎಮ್ಯುಲೇಟರಿನಲ್ಲೂ ಬರುತ್ತಿದ್ದ ಆ ಟಪ್ ಕಿರಿಕಿರಿ ಎಂದು ಆಡುವವರು ದೂರುತ್ತಿದ್ದರು. ಗುಬ್ಬಿ ವಾರಗಟ್ಟಲೆ ಕೂತು ಅದನ್ನು ಒರೆಸಿ ಹಾಕಿದಳು. ಎಲ್ಲೆಲ್ಲಿಂದಲೋ ಶಹಬ್ಬಾಸ್‌ಗಿರಿ ಬಂತು, ಇವಳು ಹಿಗ್ಗಿ ಹೀರೇಕಾಯಿಯಾದಳು. ಸ್ವಲ್ಪ ದಿನಕ್ಕೆ ಅಣ್ಣ ಫೋನನ್ನು ಮೇಜಿನ ಮೇಲಿಟ್ಟ. "ಕಿವಿನೂ ಹೋಗ್ತಾ ಇದೆ ಕಣೇ," ಅಂದ. "ಬಾಗಿಲು ಸಿಗ್ತಾನೇ ಇಲ್ಲ."

"ತಪ್ಪು ನಂದೇ," ಎನ್ನುತ್ತಾಳೆ ಗುಬ್ಬಿ. "ದಿನವಿಡೀ ನಾನು ಮಾಡೋದೇನು? ಹಲ್ಲು ಸೊಟ್ಟ ಇದ್ದವರಿಗೆ ಸೊಟ್ಟಾನೇ ಕೂರಿಸಿ ಕೊಡೋದು. ನೆಟ್ಟಗೆ ಮಾಡಿದ್ರೆ, ಕನ್ನಡೀಲಿ ಬೇರೆ ಯಾರೋ ಕಾಣ್ತಾರೆ ಅಂತ ವಾಪಸ್ ತರ್ತಾರೆ. ಅಷ್ಟು ಗೊತ್ತಿದ್ದೂ ಮನೇಲಿ ನೆಟ್ಟಗೆ ಮಾಡೋಕೆ ಹೋದೆ ನೋಡಿ."

ನಿನ್ನ ಕಿವಿಗೇನೂ ಆಗಿಲ್ಲ, ಕೆಡಿಸಿದ್ದು ನಾನು ಎಂದು ಅವತ್ತೇ ಹೇಳಿದಳು. ಅಣ್ಣ ನಂಬಲಿಲ್ಲ. ನಿನ್ನ ಫೋನಿಗೆ ಹಳೆಯದನ್ನೇ ಹಾಕಿಕೊಡ್ತೀನಿ ಎಂದಳು. "ನನಗೊಬ್ಬನಿಗೇ ಅಂತ ಸದ್ದು ತುಂಬಿ ಕೊಡ್ತೀಯ, ನನ್ನ ಸಮಾಧಾನಕ್ಕೆ," ಅಂದ. "ಎಲ್ಲರೂ ಆಡೋದನ್ನ ಆಡಕ್ಕಾದ್ರೆ ಆಡ್ತೀನಿ. ಇಲ್ಲಾಂದ್ರೆ ಬೇಡ." ಕಚೇರಿಯಲ್ಲೂ ಫೋನಿನ ದನಿ ಹೆಚ್ಚಿಸಿಕೊಂಡು, ವಿಳಾಸವನ್ನು ಎರಡೆರಡು ಸಲ ಕೇಳತೊಡಗಿದ.

ಟಪ್ ಅನ್ನು ತೆಗೆಯುವಾಗ ಯಾರೂ ತಕರಾರು ಮಾಡಿರಲಿಲ್ಲ. ವಾಪಸ್ ತರುವಾಗ ಮಾತ್ರ ಯಜಮಾನನಿಗೆ ಸಾಕ್ಷಿ ಬೇಕು, ಅದೂ ಅಸಲಿ ಯಂತ್ರದ್ದೇ. ಅಸಲಿ ಯಂತ್ರವೋ, ಬ್ಯಾಟರಿ ಕೂರುವ ಕಡೆ ಸ್ಪ್ರಿಂಗು ತುಕ್ಕು ತಿಂದು ಉದುರಿ, ಕಪಾಟಿನಲ್ಲಿ ಬಿದ್ದಿತ್ತು. ಹಲ್ಲಿನ ಸೆಟ್ಟಿಗೆ ಕೊಕ್ಕೆ ಬಗ್ಗಿಸುವ ತಂತಿಯಿದೆಯಲ್ಲ, ಅದನ್ನೇ ಸುತ್ತಿ ಗುಬ್ಬಿ ಸ್ಪ್ರಿಂಗು ಮಾಡಿದಳು. ಅಣ್ಣ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಯಂತ್ರ ಕಣ್ಣು ಬಿಟ್ಟಿತು. ಟಪ್ ಮುದ್ರಣವಾಗುವಷ್ಟು ಹೊತ್ತು ಬದುಕಿ, ಅವನು ಬರುವಷ್ಟರಲ್ಲಿ ಮತ್ತೆ ಏಳದ ಹಾಗೆ ಮಲಗಿಬಿಟ್ಟಿತು. ಮುದ್ರಣದ ಏರಿಳಿತ ಅಳೆದು ಗುಬ್ಬಿ ಸದ್ದನ್ನು ಕೋಡಿನಲ್ಲಿ ಹೊಸದಾಗಿ ಕಟ್ಟಿದಳು. ಆ ದರಿದ್ರ ಸದ್ದು ಮತ್ತೆ ಯಾಕೆ ಎಂದು, ಹೊಗಳಿದವರೇ ಈಗ ಬೈದರು.

"ಬೈಲಿ ಬಿಡಿ," ಎನ್ನುತ್ತಾಳೆ. "ಕಿವಿಯಿಂದಲೇ ಆಡೋರು ಇನ್ನೂ ಎಷ್ಟು ಜನ ಇದ್ದಾರೋ. ಅವರಿಗೆಲ್ಲ ಮನೇಲಿ ತಂಗಿ ಇರ್ತಾಳಾ?"

ಇವತ್ತು ಬೆಳಿಗ್ಗೆ ಯಜಮಾನನ ಉತ್ತರ ಬಂದಿದೆ. ಟಪ್ ಒಳಗೆ ಸೇರಿದೆ. ಬೇಡ ಎನ್ನುವವರು ತಾವೇ ಆಫ್ ಮಾಡಿಕೊಳ್ಳಲಿ ಎಂದು ಒಂದು ಗುಂಡಿಯನ್ನೂ ಇಟ್ಟಿದ್ದಾನೆ. ಕೊನೆಯದಾಗಿ ಒಮ್ಮೆ ಎರಡನ್ನೂ ಹೋಲಿಸಿ ಕೇಳಿ ಗುಬ್ಬಿ ಹೆಡ್‌ಫೋನ್ ಕೆಳಗಿಡುವ ಹೊತ್ತಿಗೆ ಅಣ್ಣ ಗೋಡೆ ಸವರಿಕೊಂಡು ಅಡುಗೆಮನೆಗೆ ಬರುತ್ತಾನೆ. ಅವಳು ಫೋನನ್ನು ಅವನ ಕೈಗಿಡುತ್ತಾಳೆ.

"ಎಲ್ಲರಿಗೂ ಬಂದಿರೋದೇ ಇದು. ಒಂದ್ಸಲ ನೋಡು."

"ನೋಡಬೇಕಂತೆ," ಎಂದು ಗೊಣಗುತ್ತ ಅಣ್ಣ ಕುರ್ಚಿ ಎಳೆದುಕೊಳ್ಳುತ್ತಾನೆ. ಹೆಜ್ಜೆ, ನೀರು, ಗೋಡೆ. ಮತ್ತೆ ಹೆಜ್ಜೆ. ಗುಬ್ಬಿ ಸೆರಗಿನಲ್ಲಿ ಬೆರಳು ಸುತ್ತಿಕೊಂಡು ನಿಂತಿದ್ದಾಳೆ. ಆಮೇಲೆ ಮೌನ, ಅದರ ನಡುವೆ ಟಪ್. ಅಣ್ಣನ ಹೆಬ್ಬೆರಳು ನಿಲ್ಲುತ್ತದೆ, ಗುಂಡಿ ಒತ್ತುತ್ತದೆ. ಗುಹೆಯ ಬಾಗಿಲು ಕಿರ್ರೆಂದು ತೆರೆದುಕೊಳ್ಳುತ್ತದೆ.

"ಹೋಗಿಲ್ಲ ಕಣೇ, ಕಿವಿ," ಎನ್ನುತ್ತಾನೆ ಮೆಲ್ಲಗೆ.

"ನಾನು ಹೇಳಿರಲಿಲ್ವಾ?"

"ಹೇಳಿದ್ದೆ. ಈಗ ಕೇಳಿಸ್ತು."

ಗುಬ್ಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಅವನಿಗೆ ಗೊತ್ತಾಗದ ಹಾಗೆ. ಅಣ್ಣನಿಗೆ ಗೊತ್ತಾಗದೆ ಇರುತ್ತದೆಯೇ? ಮೂಗೆಳೆದುಕೊಂಡದ್ದು ಕೇಳಿಸಿದೆ. ಆದರೂ ಸುಮ್ಮನೆ ಆಡುತ್ತಾನೆ. ಒಂದು ಬಾಗಿಲು, ಇನ್ನೊಂದು ಬಾಗಿಲು. ಚೀಲ ಹೆಗಲಿಗೇರಿಸಿದ ಗುಬ್ಬಿ ಕೈ ಚಾಚುತ್ತಾಳೆ.

"ಕೊಡಣ್ಣ ಇಲ್ಲಿ. ಕೆಲಸಕ್ಕೆ ಹೋಗೋ ಮುಂಚೆ ನಾನೂ ಒಂದಾಟ ಆಡ್ತೀನಿ."

"ನಾನಿನ್ನೂ ಸತ್ತಿಲ್ವಲ್ಲ."

ಇಷ್ಟೆಲ್ಲ ಮಾಡಿದ್ದೀರಿ, ನಿಮಗೆ ಅಂತ ಏನಾದರೂ ಆಸೆ ಇದೆಯೇ ಎಂದು ಬಾಗಿಲ ಬಳಿ ಕೇಳಿದರೆ, ಗುಬ್ಬಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಒಳಗೊಮ್ಮೆ ನೋಡುತ್ತಾಳೆ.

"ಅವನು ಹೀಗೇ ಸಾಯದೆ ಆಡ್ತಾ ಇರಲಿ. ನನ್ನ ಸರದಿ ಬರದಿದ್ರೂ ನಡೆಯುತ್ತೆ."