ಸಿದ್ಧಕಟ್ಟೆಯ ಸೆಲ್ಲೋ ಸರ್

ಅವರ ಎಡಗೈಯ ಬೆರಳತುದಿಗಳು ಜಡ್ಡುಗಟ್ಟಿ ಎಷ್ಟು ಗಟ್ಟಿಯಾಗಿದ್ದವೆಂದರೆ, ಮೇಜಿನ ಮೇಲೆ ತಟ್ಟಿದರೆ ಹುಣಸೆಬೀಜ ಚೆಲ್ಲಿದ ಹಾಗೆ ಟಕಟಕ ಸದ್ದಾಗುತ್ತಿತ್ತು. ಆ ಸದ್ದು ಕೇಳಿದರೆ ನಾನು ಬಾರಿಸುವುದನ್ನು ನಿಲ್ಲಿಸಬೇಕು. ಎಲ್ಲಿ ತಪ್ಪಿತೆಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲ. "ಮೊದಲಿನಿಂದ," ಅಷ್ಟೇ.

ಸೆಲ್ಲೋ ಎಂದರೆ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಬಾರಿಸುವ ದೊಡ್ಡ ಪಿಟೀಲು. ನಮ್ಮ ಕಡೆ ಅದನ್ನು ಕಂಡವರೇ ಕಡಿಮೆ. ಸರ್ ಮುಂಬೈಯಲ್ಲಿ ಸಿನಿಮಾ ಹಾಡುಗಳ ವಾದ್ಯವೃಂದದಲ್ಲಿ ಬಾರಿಸಿದವರು. ಕೀಬೋರ್ಡ್ ಬಂದು ಅವರಂಥವರ ಕೆಲಸ ನುಂಗಿದ ಮೇಲೆ ಊರಿಗೆ ಮರಳಿ, ಇಗರ್ಜಿಯ ಗಾಯನ ತಂಡವನ್ನು ನೋಡಿಕೊಂಡಿದ್ದರು.

ಪಾಠಕ್ಕೆಂದು ನಾನು ಮೂಡುಬಿದಿರೆಯಲ್ಲಿ ಸೆಲ್ಲೋ ಪೆಟ್ಟಿಗೆ ಹೊತ್ತು ಬಸ್ ಹತ್ತಿದರೆ ಕಂಡಕ್ಟರ್, "ಇದೆಂತದು ಮಾರಾಯ್ತಿ, ಹೆಣದ ಪೆಟ್ಟಿಗೆಯಾ?" ಎಂದು ತಮಾಷೆ ಮಾಡುತ್ತಿದ್ದ. ಅದನ್ನು ಹೇಳಿದಾಗ ಸರ್ ನಕ್ಕರು. "ಹೌದು ಅಂತ ಹೇಳು. ಸೀಟು ಬಿಟ್ಟುಕೊಡ್ತಾರೆ."

ಮಳೆಗಾಲದ ತೇವಕ್ಕೆ ಮರದ ಅಂಟು ಬಿಡಬಾರದೆಂದು ತಮ್ಮ ಸೆಲ್ಲೋವನ್ನು ಬಟ್ಟೆಯ ಕಪಾಟಿನೊಳಗೆ ನಿಲ್ಲಿಸಿ, ಒಳಗೊಂದು ಬಲ್ಬು ಉರಿಸಿಡುತ್ತಿದ್ದರು. ಹೆಂಡತಿಯ ಸೀರೆಗಳೆಲ್ಲ ಕುರ್ಚಿಯ ಮೇಲೆ. ಆ ಹೆಂಡತಿಯನ್ನು ನಾನು ಬಾಯಮ್ಮ ಎಂದು ಕರೆಯುತ್ತಿದ್ದೆ. "ಈ ಮನೆಯಲ್ಲಿ ನನಗಿಂತ ಅದಕ್ಕೇ ಮರ್ಯಾದೆ ಜಾಸ್ತಿ," ಎಂದು ಅವರು ಗೊಣಗುತ್ತಿದ್ದರು.

ಒಂದು ಹಳೆಯ ಜರ್ಮನ್ ಕೃತಿಯನ್ನು ಸರ್ ನನಗೆ ವರ್ಷಗಟ್ಟಲೆ ಕಲಿಸಿದರು. ಬೆಂಗಳೂರಿನ ವಾದ್ಯವೃಂದವೊಂದು ನನ್ನನ್ನು ಆರಿಸಿದ್ದೂ ಅದನ್ನೇ ಕೇಳಿ. ಆದರೆ ಸರ್ ಎದುರು ಅದನ್ನು ಒಮ್ಮೆಯೂ ಕೊನೆ ಮುಟ್ಟಿಸಿರಲಿಲ್ಲ. ಆಯ್ಕೆಯಾದ ಸುದ್ದಿ ಹೇಳಲು ಹೋದ ದಿನವೂ ಬಾರಿಸಲು ಹೇಳಿ, ನಡುವೆ ಟಕಟಕ ಎನಿಸಿದರು. ಸಿಟ್ಟು ನೆತ್ತಿಗೇರಿತು. ಆದರೂ ಮೊದಲಿನಿಂದ ಶುರುಮಾಡಿದೆ.

ಸರ್ ಅವರ ಲಿವರ್ ಕ್ಯಾನ್ಸರ್ ಕೈಮೀರಿ, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಮೇಲೆ ಒಂದು ದಿನ ಹಾಸಿಗೆಯಲ್ಲೇ ನನ್ನ ಕೈ ಹಿಡಿದರು. "ನನ್ನನ್ನು ಮಣ್ಣು ಮಾಡುವ ದಿನ ನೀನು ಆ ಕೃತಿಯನ್ನು ಬಾರಿಸಬೇಕು ಮಗಾ. ಪೂರ್ತಿ. ಆವತ್ತು ತಟ್ಟಲಿಕ್ಕೆ ನಾನಿರುವುದಿಲ್ಲ." ಮಾತು ಕೊಟ್ಟೆ. ಬಾಯಮ್ಮನಿಂದ ಇನ್ನೊಂದು ಮಾತು ಪಡೆದಿದ್ದರು: ತಮ್ಮ ಹೆಣವನ್ನು ಐಸಿನಲ್ಲಿ ಇಡಬಾರದು.

ತೀರಿಕೊಂಡದ್ದು ಗುಡ್ ಫ್ರೈಡೇಯ ಹಿಂದಿನ ದಿನ. ಮರುದಿನವೇ ಮಣ್ಣು ಮಾಡುವುದೆಂದು ನಾನು ಸೆಲ್ಲೋ ಹೊತ್ತು ಇಗರ್ಜಿಗೆ ಹೋದರೆ ಪಾದ್ರಿಗಳು ಬಾಗಿಲಲ್ಲೇ ತಡೆದರು. "ಇವತ್ತು ಯೇಸು ಸತ್ತ ದಿನ. ಯಾವ ವಾದ್ಯವೂ ಇಲ್ಲ, ಗಂಟೆ ಸಹ ಬಾರಿಸುವುದಿಲ್ಲ. ಗಾಯನ ತಂಡಕ್ಕೆ ಇದನ್ನು ಕಲಿಸಿದ್ದೇ ನಿಮ್ಮ ಸರ್." ಹಿಂದೂ ಮನೆಯ ಹುಡುಗಿಯಾದ ನನಗೆ ಇದು ಗೊತ್ತಿರಲಿಲ್ಲ. "ಈಸ್ಟರ್ ಕಳೆದ ಮೇಲೆ ಮಣ್ಣು ಮಾಡುವ ಬಾಯಮ್ಮ," ಎಂದು ಬೇಡಿಕೊಂಡೆ. "ಅಷ್ಟು ದಿನ ಐಸಿನಲ್ಲಿಡಬೇಕಲ್ಲ ಮಗಾ. ನಾನು ಮಾತು ಕೊಟ್ಟಿದ್ದೇನೆ," ಎಂದರು ಅವರು. ಗಂಟೆಯ ಬದಲು ಮರದ ಹಲಗೆ ಬಡಿಯುತ್ತ ಸರ್ ಅವರನ್ನು ಕೊಂಡೊಯ್ದರು. ಸೆಲ್ಲೋವನ್ನು ಗೋಡೆಗೊರಗಿಸಿ, ಎಲ್ಲರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಈಸ್ಟರ್ ಕಳೆದ ಮೇಲೆ ಬಾಯಮ್ಮನ ಬಳಿ ಹೋಗಿ, ಸಮಾಧಿಯ ಹತ್ತಿರ ಬಾರಿಸಿ ಬರುತ್ತೇನೆ ಎಂದೆ.

"ನಿನ್ನ ಸಮಾಧಾನಕ್ಕೆ ಬಾರಿಸು. ಸತ್ತವರಿಗೆ ಕೇಳ್ತದೆ ಅಂತ ನನಗೆ ನಂಬಿಕೆ ಇಲ್ಲ," ಎಂದರು. ಆಮೇಲೆ ಹೇಳಿದರು. "ಪ್ರತಿಸಲ ನೀನು ಹೋದ ಮೇಲೆ ನಿನ್ನ ಸರ್ ಅಡಿಗೆ ಕೋಣೆಗೆ ಬಂದು ಹೇಳ್ತಿದ್ರು, 'ಇವತ್ತೂ ನಿಲ್ಲಿಸಿದಳು ಮಾರಾಯ್ತಿ. ನಾನು ತಟ್ಟಿದರೂ ಕೇಳದೆ ಬಾರಿಸಿಕೊಂಡು ಹೋಗುವುದು ಯಾವಾಗಲೋ. ಆವತ್ತಿಗೆ ಅವಳ ಪಾಠ ಮುಗೀತು.'"

ಮೊನ್ನೆ ಚೆನ್ನೈಯಲ್ಲಿ ಅದೇ ಕೃತಿಯನ್ನು ಒಬ್ಬಳೇ ಬಾರಿಸಿದೆ. ನಡುವೆ ಕರೆಂಟು ಹೋಯಿತು, ಜನ ಗುಸುಗುಸು ಎಂದರು. ಕತ್ತಲಲ್ಲೇ ಕೊನೆಯವರೆಗೂ ಬಾರಿಸಿದೆ. ಎಲ್ಲರೂ ಎದ್ದುನಿಂತು ಚಪ್ಪಾಳೆ ಹೊಡೆಯುವಾಗ, ಸರ್ ಕೇಳದೆ ಹೋದರಲ್ಲ ಎಂದು ವೇದಿಕೆಯ ಮೇಲೆಯೇ ಅತ್ತುಬಿಟ್ಟೆ.