ಆಡದೆ ಉಳಿದ ನಾಲ್ಕನೇ ಮ್ಯಾಚು

ಇಚಲಕರಂಜಿಯ ಶಹಾಪುರದಲ್ಲಿ ಸಮ್ಮೇದನ ಮಾತೆತ್ತಿದರೆ ಸಾಕು, ಜನ ಅವನ ಮಗ್ಗಗಳನ್ನು ಬಿಟ್ಟು ಫುಟ್ಬಾಲನ್ನೇ ಹಿಡಿದುಕೊಳ್ಳುತ್ತಾರೆ. ಎಂಥಾ ಸ್ಟ್ರೈಕರು, ಕೊಲ್ಹಾಪುರದವರು ಸರಿಯಾಗಿ ಚಾನ್ಸ್ ಕೊಡದೆ ಹಾಳು ಮಾಡಿದರು ಎಂದು ಮರುಗುತ್ತಾರೆ. ಈ ಮಾತನ್ನು ಊರಿಗೆಲ್ಲ ಹಂಚಿದವಳು ಅವನ ತಾಯಿ ಚಂಪಾಬಾಯಿ. ಹದಿನೈದು ವರ್ಷದಿಂದ ಆಕೆ, ಕೊಲ್ಹಾಪುರದ ಆ ಟೀಮಿಗೆ ಕೋಚ್ ಆಗಿದ್ದ ಗಡಹಿಂಗ್ಲಜದ ಭೀಮಗೊಂಡ ಸರ್ ಹೆಸರು ಹಿಡಿದು ಶಪಿಸುತ್ತಾಳೆ. ಸಮ್ಮೇದ ಪಕ್ಕದಲ್ಲೇ ಕೂತು ಕೇಳುತ್ತಾನೆ. ಅದೇನು ಕೂರುವುದೋ!

ನಡೆದದ್ದೇ ಬೇರೆ. ಅವನು ಕೊಲ್ಹಾಪುರದಲ್ಲಿ ಆಡುತ್ತಿದ್ದ ಆ ವರ್ಷ ಚಂಪಾಬಾಯಿಗೆ ಎದೆಯ ಆಪರೇಶನ್ ಆಗಿತ್ತು. ಪ್ರತಿ ಫಾಲ್ಗುಣದಲ್ಲಿ ಜೈನರ ಅಷ್ಟಾಹ್ನಿಕ ಪರ್ವಕ್ಕೆ, ಹುಣ್ಣಿಮೆಯವರೆಗೆ ಎಂಟು ದಿನ, ಆಕೆ ಏಕಾಶನ ಮಾಡುವವಳು. ದಿನಕ್ಕೆ ಒಂದೇ ಊಟ, ನೀರೂ ಅದರ ಜೊತೆಗೇ, ಎದ್ದ ಮೇಲೆ ಗುಟುಕೂ ಇಲ್ಲ. ಡಾಕ್ಟರು ಖಂಡಿತ ಬೇಡವೆಂದರು. ಈ ವರ್ಷ ನನ್ನ ಪಾಳಿ ನೀ ಹಿಡಿ ಎಂದು ಆಕೆ ಅತ್ತು ಮಗನ ಕೈ ಹಿಡಿದಳು. ಮಗ ಹೂಂ ಎಂದ.

ಅದೇ ವಾರ ಕೊಲ್ಹಾಪುರದಲ್ಲಿ ಅವನ ಟೀಮಿಗೆ, ಅಲ್ಲಿನ ಒಂದು ಪೇಠೆಯ ಅಂದರೆ ಓಣಿಯ ಟೀಮಿಗೆ, ಮೂರು ಮ್ಯಾಚು; ಅವ್ವನಿಗೆ ಅದನ್ನು ಹೇಳಲಿಲ್ಲ. ಪೇಠೆಯ ಹುಡುಗರು ಮುಖ ಗಂಟಿಕ್ಕಿದರೂ ಭೀಮಗೊಂಡ ಸರ್ ಹೊರಗಿನಿಂದ ಬಂದ ಇವನನ್ನು ಮೂರಕ್ಕೂ ಇಳಿಸಿದರು. ಮಾರ್ಚ್ ತಿಂಗಳ ಬಿಸಿಲು, ಸಂಜೆ ನಾಲ್ಕರ ಆಟ. ಬೆಳಿಗ್ಗೆ ಉಂಡದ್ದು ಎಲ್ಲಿ ಹೋಗಿರುತ್ತಿತ್ತೋ ಏನೋ. ಅರ್ಧ ಆಟಕ್ಕೆ ನೀರಿನ ಬಾಟಲಿ ಕೈಗೆ ಬಂದರೆ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದ. ಮೈಯಾಗ ಆರಾಮಿಲ್ಲೇನೋ ಎಂದು ಸರ್ ಎರಡು ಸಲ ಕೇಳಿದರು. ಆರಾಮ ಅದೀನ್ರಿ ಎಂದುಬಿಟ್ಟ. ವ್ರತದ ಸುದ್ದಿ ಹೇಳಿದರೆ ಟೀಮಿನಿಂದ ತೆಗೆದಾರು ಎಂಬ ದಿಗಿಲು ಅವನಿಗೆ. ಮೂರನೇ ಆಟದಲ್ಲಿ ಕೀಪರ್ ಎಡವಿ ಬಿದ್ದು ಗೋಲು ಖಾಲಿ ಸಿಕ್ಕಿತು. ಕಾಲೇ ಏಳಲಿಲ್ಲ. ಚೆಂಡು ಕಂಬದ ಹೊರಗೆ ಉರುಳಿಹೋಯಿತು, ಪೇಠೆಗೆ ಪೇಠೆಯೇ ಎದ್ದು ನಿಂತು ಬೈಯಿತು. ಆಮೇಲೆ ಅವನಿಗೆ ಕರೆ ಬರಲಿಲ್ಲ.

ಹೋದ ತಿಂಗಳು ಸರ್ ತಮ್ಮ ಮಗಳು ಮನೀಷಾಳ ಮದುವೆಗೆ ಕರೆಯಲು ಶಹಾಪುರಕ್ಕೇ ಬಂದರು. ನೀರು ತಂದ ಚಂಪಾಬಾಯಿಗೆ ಬಂದವರು ಯಾರೆಂದು ತಿಳಿದದ್ದೇ ತಡ, ತಂಬಿಗೆಯನ್ನು ಕುಕ್ಕಿದಳು.

"ನನ್ನ ಮಗನ ಬಾಳೇ ಮಣ್ಣ ಮಾಡಿದ್ರಿ. ಇನ್ನೊಂದ ಮ್ಯಾಚ್ ಕೊಟ್ಟಿದ್ರ ನಿಮ್ಮ ಗಂಟೇನ ಹೋಗ್ತಿತ್ರಿ?"

"ಕೊಡಬೇಕಿತ್ರಿ, ತಾಯಿ," ಎಂದರು ಸರ್, ತಲೆ ಎತ್ತದೆ. "ಆ ಹಳಹಳಿ ನನಗೂ ಐತ್ರಿ."

ಸಮ್ಮೇದ ಬಾಯಿ ತೆರೆದ. ಆದರೆ ಸರ್ ತಪ್ಪಿಲ್ಲವೆಂದರೆ ತಪ್ಪು ಹೋಗಿ ಕೂರುವುದು ಅವ್ವನ ತಲೆಯ ಮೇಲೆ. ಮಗನ ಆಟ ತನ್ನ ವ್ರತದಿಂದ ಹೋಯಿತೆಂದು ತಿಳಿದರೆ ಆ ಮುದುಕಿ ಉಳಿದಾಳೆಯೇ? ಸರ್ ಅವರನ್ನು ಬಸ್ಸಿಗೆ ಬಿಟ್ಟುಬರುತ್ತೇನೆಂದು ಎದ್ದ.

ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿ ಸರ್ ಕಾಲು ಮುಟ್ಟಿದ. ಅವರು ಮೊದಲು ಕಣ್ಣು ಕೆಂಪಗೆ ಮಾಡಿದರು, ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತರು.

"ಹುಚ್ಚಪ್ಯಾಲಿ, ಒಂದ ಮಾತ ಹೇಳಬಾರದಾಗಿತ್ತೇನೋ? ಹುಣ್ಣಿವಿ ಆದ ಮ್ಯಾಲ ನಾಕನೇ ಮ್ಯಾಚ್ ಇತ್ತಲ್ಲೋ. ಅದಕ್ಕ ನಿನ್ನ ಕಾದ ಇಡ್ತಿದ್ನಿ."

ಸಮ್ಮೇದ, ಸರ್ ತನ್ನನ್ನು ತೆಗೆಯುತ್ತಾರೆಂದು ಹೆದರಿದ್ದನೇ ಹೊರತು ಕಾಯುತ್ತಾರೆಂದು ಒಂದು ದಿನವೂ ಹೊಳೆದಿರಲಿಲ್ಲ. ಇವತ್ತೇ ಅವ್ವನಿಗೆ ಹೇಳಿಬಿಡುತ್ತೇನೆ ಎಂದು ತೊದಲಿದ.

"ಬ್ಯಾಡ," ಎಂದರು ಸರ್. "ಇಷ್ಟ ವರ್ಷ ಬೈಸ್ಕೊಂಡೇನಿ. ಅದು ನನ್ನ ಮ್ಯಾಲನ ಇರ್ಲಿ."

ಗಡಹಿಂಗ್ಲಜದ ಬಸ್ಸು ಬಂತು, ಹತ್ತಿ ಹೋದರು.

ಮನೆಗೆ ಬಂದರೆ ಚಂಪಾಬಾಯಿ ಹೊಸ್ತಿಲಲ್ಲೇ ಕಾಯುತ್ತಿದ್ದಳು. ನಿನ್ನ ಮುಂದೂ ತಪ್ಪು ಒಪ್ಪಿಕೊಂಡನೇನು ಆ ಮನುಷ್ಯ, ಎಂದು ಕೇಳಿದಳು.

"ಹೂಂ ಅವ್ವಾ," ಎಂದ ಸಮ್ಮೇದ. "ಒಪ್ಪಿಕೊಂಡ್ರು."