‘ಊಟಕ್ಕೆ ಏಳ್ರಿ’ ಅನ್ನುವವರಿಲ್ಲದ ರೆಸಾರ್ಟ್

ಮೊನ್ನೆ ಬೆಳಗ್ಗೆ ಮೊಬೈಲ್ ಟಿಣ್ ಅಂತು. ನೋಡಿದರೆ ರೆಸಾರ್ಟಿನವರ ಮೆಸೇಜು. ‘ನಮ್ಮಲ್ಲಿ ನಿಮ್ಮ ಅನುಭವ ಹೇಗಿತ್ತು? ದಯವಿಟ್ಟು ಸ್ಟಾರ್ ಕೊಡಿ.’ ಕೆಳಗೆ ಐದು ಖಾಲಿ ನಕ್ಷತ್ರ. ಪಕ್ಕದಲ್ಲಿ ನಗುವ ಮುಖವೊಂದು ಬೇರೆ.

ಇಂಥ ಮೆಸೇಜು ಬರುತ್ತಲೇ ಇದೆ. (ಅಷ್ಟು ಸುಲಭಕ್ಕೆ ಬಿಡುವ ಜನ ಅಲ್ಲ ಅವರು.) ನಾನು ಅಳಿಸುತ್ತಲೇ ಇದ್ದೇನೆ. ಏನಂತ ಕೊಡಲಿ? ರೂಮು ಚೆನ್ನಾಗಿತ್ತು. ಟವೆಲನ್ನು ಮಡಿಚಿ ಹಂಸ ಮಾಡಿ ಹಾಸಿಗೆಯ ಮೇಲೆ ಕೂರಿಸಿದ್ದರು. ಸಮುದ್ರ ಅಂಗಳದಲ್ಲೇ ಇತ್ತು. ಯಾರೊಬ್ಬರೂ ಒರಟು ಮಾತಾಡಲಿಲ್ಲ. ಆದರೂ ನಾವು ಅಲ್ಲಿಗೆ ಕರೆದುಕೊಂಡು ಹೋದ ಚಿಕ್ಕಪ್ಪ ಬೇರೆ, ವಾಪಸ್ ಕರೆತಂದ ಚಿಕ್ಕಪ್ಪ ಬೇರೆ.

ಊರಿಗೆಲ್ಲ ಅವರು ರುದ್ರಪ್ಪ. ನನಗೆ ಅಪ್ಪನ ತಮ್ಮ. ರಾಮಗಿರಿ ಹತ್ತಿರದ ನಮ್ಮೂರಲ್ಲಿ ಅವರಿಗೊಂದು ಕೆಲಸವಿತ್ತು. ಸಂಬಳದ ಕೆಲಸವಲ್ಲ, ಮರ್ಯಾದೆಯ ಕೆಲಸ. ಯಾರ ಮನೆಯಲ್ಲೇ ಮದುವೆ, ಗೃಹಪ್ರವೇಶ ಆಗಲಿ, ಊಟಕ್ಕೆ ಕರೆಯಲು ಹೋಗುವವರು ಅವರೇ.

ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ನಮ್ಮೂರಲ್ಲಿ ಲಗ್ನಪತ್ರಿಕೆ ಕೊಟ್ಟ ಮಾತ್ರಕ್ಕೆ ಯಾರೂ ಊಟಕ್ಕೆ ಬಂದುಬಿಡುವುದಿಲ್ಲ. ಎಲೆ ಹಾಕುವ ಹೊತ್ತಿಗೆ ಒಬ್ಬರು ಬೀದಿ ಬೀದಿ ತಿರುಗಿ, ಒಂದೊಂದು ಬಾಗಿಲಲ್ಲೂ ನಿಂತು, ‘ಊಟಕ್ಕೆ ಏಳ್ರಿ’ ಅನ್ನಬೇಕು. ಆಗಲೇ ಜನ ಹೆಗಲಿಗೆ ಟವೆಲ್ ಹಾಕಿಕೊಂಡು ಏಳುವುದು. ಯಾರೂ ಕರೆಯದೆ ಊಟಕ್ಕೆ ಹೋದವನು ಊಟ ಕಾಣದವನು ಅನ್ನಿಸಿಕೊಳ್ಳುತ್ತಾನೆ. ಕರೆಯದೆ ಬಿಟ್ಟವನು ಸೊಕ್ಕಿನವನು ಅನ್ನಿಸಿಕೊಳ್ಳುತ್ತಾನೆ. ಎಷ್ಟು ಮನೆತನಗಳ ಮಾತು ಈ ಒಂದು ಕರೆಯಿಂದಲೇ ಮುರಿದಿಲ್ಲ?

ಚಿಕ್ಕಪ್ಪ ಹೋಗಿ ಕರೆದರೆ ಮುನಿಸಿಕೊಂಡ ದಾಯಾದಿಗಳೂ ಎದ್ದು ಬರುತ್ತಿದ್ದರು. ಏಳುವ ತನಕ ಚಿಕ್ಕಪ್ಪ ಬಾಗಿಲು ಬಿಟ್ಟು ಕದಲುತ್ತಲೇ ಇರಲಿಲ್ಲವಲ್ಲ! ಕೊನೆಯ ಪಂಕ್ತಿ ಎದ್ದ ಮೇಲೇ ಅವರ ಊಟ. ಅದೂ ಮನೆಯ ಯಜಮಾನ ಬಂದು, ‘ರುದ್ರಪ್ಪಾ, ನೀನೂ ಏಳಪ್ಪ’ ಅಂದರೆ ಮಾತ್ರ.

ಚಿಕ್ಕಮ್ಮ ತೀರಿಕೊಂಡ ಮೇಲೆ ಅವರು ಹೊಸದುರ್ಗದಲ್ಲಿ ಮಗಳು ಸುಧಾಳ ಮನೆಯಲ್ಲಿದ್ದಾರೆ. ಹಳೆಯ ಶುಗರ್. ಇನ್ಸುಲಿನ್ ಸೂಜಿಯನ್ನು ತಾವೇ ಚುಚ್ಚಿಕೊಳ್ಳುವಷ್ಟು ಗಟ್ಟಿಯಾಗಿದ್ದರು. ಟೀವಿಯಲ್ಲಿ ಸಮುದ್ರ ಬಂದಾಗಲೆಲ್ಲ, ‘ಅಷ್ಟೊಂದು ನೀರು ಒಂದೇ ಕಡೆ ಐತೆ ಅಂದ್ರೆ ಒಂದ್ಸಲ ನೋಡ್ಬೇಕು ಕಣವ್ವ’ ಅನ್ನುತ್ತಿದ್ದರು. ಬೋರ್‌ವೆಲ್ಲಿನ ಸದ್ದಿಗೇ ಮಳೆ ಬಂದಷ್ಟು ಖುಷಿ ಪಡುವ ಸೀಮೆಯವರು ನಾವು. ನಾನು, ನಮ್ಮನೆಯವರು, ಸುಧಾ, ಅವಳ ಗಂಡ ಸೇರಿ ತೀರ್ಮಾನ ಮಾಡಿದೆವು. ಕಾರು ಹೊರಟಿತು.

ರೆಸಾರ್ಟಿನ ಹುಡುಗಿ ಕೊರಳಿಗೆ ಕಪ್ಪೆಚಿಪ್ಪಿನ ಹಾರ ಹಾಕಿದಳು. ಕೆಂಪು ಶರಬತ್ತು ಕೊಟ್ಟಳು. (ಚಿಕ್ಕಪ್ಪನ ಲೋಟವನ್ನು ನಾನು ಕಸಿದುಕೊಂಡು ಕುಡಿದೆ.) ‘ಫೀಲ್ ಅಟ್ ಹೋಮ್ ಸರ್, ನಿಮ್ಮದೇ ಮನೆ ಅಂದ್ಕೊಳ್ಳಿ’ ಅಂದಳು. ಚಿಕ್ಕಪ್ಪ ಕೈಮುಗಿದು, ‘ನಿಮ್ದೆಲ್ಲ ಊಟ ಆತೇನಮ್ಮ?’ ಅಂತ ಕೇಳಿದರು. ಅವಳು ನಕ್ಕಳು. ಆ ಪ್ರಶ್ನೆಗೆ ಉತ್ತರ ಅವಳಿಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತದೆ.

ಸಂಜೆ ದಡದಲ್ಲಿ ಪಂಚೆ ಎತ್ತಿ ಕಟ್ಟಿ ನಿಂತರು. ಅಲೆ ಬಂದು ಮೀನಖಂಡ ಮುಟ್ಟಿತು. ಕೈಯಲ್ಲಿ ನೀರು ತೆಗೆದು ನಾಲಿಗೆಗೆ ತಾಗಿಸಿ ಮುಖ ಕಿವಿಚಿದರು. ‘ಅಲಲಾ! ಇಷ್ಟು ನೀರು ಇಟ್ಟು ಒಂದು ಗುಟುಕು ಕುಡಿಯಂಗಿಲ್ಲ ಅಂದ್ರೆ, ಶಿವ ದೊಡ್ಡ ಕುಶಾಲಿನವ್ನು ಬಿಡು.’ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನನ್ನ ಮೊಬೈಲಿನಲ್ಲಿ ಆ ಫೋಟೊ ಇದೆ. ಈಗ ತೆರೆದು ನೋಡಲು ಧೈರ್ಯ ಬರುವುದಿಲ್ಲ.

ಮೆಟ್ಟಿಲು ಹತ್ತುವುದು ಕಷ್ಟವೆಂದು ಅವರಿಗೆ ಕೆಳಗಿನ ರೂಮು ತೆಗೆದುಕೊಂಡಿದ್ದೆವು. ಡೈನಿಂಗ್ ಹಾಲಿನ ಪಕ್ಕದಲ್ಲೇ. ಒಳ್ಳೆಯದೇ ಆಯಿತು ಅಂದುಕೊಂಡಿದ್ದೆವು. ನಮ್ಮ ರೂಮುಗಳು ಮೇಲೆ. ರಾತ್ರಿ ಊಟಕ್ಕೆ ಸುಧಾ ಅವರನ್ನು ಕೈಹಿಡಿದು ಕರೆದೊಯ್ದಳು. ಬೆಳಗ್ಗೆ ತಿಂಡಿ ಬಫೆ, ಯಾವಾಗ ಬೇಕಾದರೂ ಹೋಗಿ ತಿನ್ನಬಹುದು ಅಂತ ರಿಸೆಪ್ಷನ್ನಿನವರು ನಮಗೆ ಹೇಳಿದ್ದರು. ನಾವು ಚಿಕ್ಕಪ್ಪನಿಗೆ ಹೇಳಿದೆವಾ? ಹೇಳಿದ್ದೇನೆ ಅಂತ ನನಗೆ ಅನ್ನಿಸುತ್ತದೆ. ಸುಧಾಳಿಗೂ ಹಾಗೇ ಅನ್ನಿಸುತ್ತದೆ.

ಮರುದಿನ ಚಿಕ್ಕಪ್ಪ ಎಂದಿನಂತೆ ಬೇಗ ಎದ್ದಿದ್ದಾರೆ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿದ್ದಾರೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲ ಮುಂದಿನ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದಾರೆ. ಪಕ್ಕದ ಹಾಲಿನಲ್ಲಿ ತಟ್ಟೆ ಜೋಡಿಸುವ ಸದ್ದು ಕೇಳಿದೆ. ಊರಲ್ಲಿ ಎಲೆ ಹಾಕುವ ಸದ್ದಾದರೆ ಕರೆಯುವವರು ಬಂದರು ಅಂತಲೇ ಲೆಕ್ಕ. ಒಳಗೆ ಹೋಗಿ ಸೂಜಿ ಚುಚ್ಚಿಕೊಂಡು ಬಂದು ಮತ್ತೆ ಕುಳಿತಿದ್ದಾರೆ. ಚುಚ್ಚಿಕೊಂಡ ಮೇಲೆ ಬೇಗ ತಿನ್ನಲೇಬೇಕು, ಇಲ್ಲದಿದ್ದರೆ ಮೈಯೊಳಗಿನ ಸಕ್ಕರೆ ತೀರಾ ಇಳಿದುಬಿಡುತ್ತದೆ.

ಕರೆಯುವವರು ಬರಲಿಲ್ಲ.

ಬಂದವರು ಬೇಕಾದಷ್ಟು ಜನ. ಗುಡಿಸುವವರು, ಗಿಡಕ್ಕೆ ನೀರು ಹಾಕುವವರು, ಟವೆಲ್ ಬದಲಿಸುವವರು. ಎಲ್ಲರೂ ‘ಗುಡ್ ಮಾರ್ನಿಂಗ್ ಸರ್’ ಅಂದರು. ಚಿಕ್ಕಪ್ಪ ಎಲ್ಲರಿಗೂ ಕೈಮುಗಿದರು. ನಾವೂ ಬಂದೆವು. ಹೌದು, ನಾವೂ! ಬೀಚಿಗೆ ಹೋಗುವ ಅವಸರದಲ್ಲಿ ಅವರ ಮುಂದೆಯೇ ಹಾದು ಹೋದೆವು.

‘ಚಿಕ್ಕಪ್ಪಾ, ಆರಾಮಾಗಿ ಕುಂತಿದೀರಲ್ಲ!’ ಅಂದೆ.

‘ಹ್ಞೂಂ ಕಣವ್ವ. ನೀವು ಹೋಗ್ಬರ್ರಿ’ ಅಂದರು.

ಸುಧಾ ತಿಂಡಿ ತಿನ್ನಿಸಿರುತ್ತಾಳೆ ಅಂತ ನಾನು. ಅಕ್ಕ ಕರೆದುಕೊಂಡು ಹೋಗಿರುತ್ತಾಳೆ ಅಂತ ಸುಧಾ. ಬೇಗ ಏಳುವವರು, ಅವರದು ಆಗಲೇ ಆಗಿರುತ್ತದೆ ಅಂತ ಗಂಡಸರು. ‘ಹಸಿವಾಗೈತೆ’ ಅಂತ ಅವರೊಂದು ಮಾತು ಅನ್ನಬಾರದಿತ್ತೇ? ಅನ್ನುವುದಿಲ್ಲ. ಆ ಮಾತನ್ನು ಎದುರಿನವರು ಆಡಲು ಬಿಡಬಾರದು ಅಂತಲೇ ಊರೆಲ್ಲ ತಿರುಗಿ ಕರೆದ ಮನುಷ್ಯ ಅವರು.

ನಾವು ಮರಳು ಕೊಡವಿಕೊಂಡು ಬರುವ ಹೊತ್ತಿಗೆ ಕುರ್ಚಿಯ ಸುತ್ತ ಜನ ಸೇರಿದ್ದರು. ಚಿಕ್ಕಪ್ಪನ ಅಂಗಿ ಬೆವರಿಗೆ ತೊಯ್ದು ಮೈಗಂಟಿತ್ತು. ಕಣ್ಣು ಎಲ್ಲೋ ಇತ್ತು. ಬಾಯಲ್ಲಿ ಅರ್ಥವಾಗದ ಮಾತು. ಹೋಟೆಲಿನವನೊಬ್ಬ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: ‘ಮೇಡಂ, ಸರ್ ಡ್ರಿಂಕ್ಸ್ ತಗೊಂಡಿದಾರಾ?’

ಜನ್ಮದಲ್ಲಿ ಬೀಡಿ ಮುಟ್ಟದವರು! ಸುಧಾ ಕಿರುಚಿದಳು. ನಮ್ಮನೆಯವರು ಅವರನ್ನು ಎತ್ತಿ ಕಾರಿಗೆ ಹಾಕಿದರು. ನಾನು ಅವರ ತುಟಿಗೆ ಸಕ್ಕರೆ ಸವರುತ್ತಾ ಕುಳಿತೆ. ಹತ್ತಿರದ ಪಟ್ಟಣದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಫಿಟ್ಸ್ ಬಂದಿತ್ತು. ಜೀವ ಉಳಿಯಿತು. ‘ಮೆದುಳಿಗೆ ಬಹಳ ಹೊತ್ತು ಸಕ್ಕರೆ ಸಿಕ್ಕಿಲ್ಲ. ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ’ ಅಂದರು ಡಾಕ್ಟರು. ‘ತಿಂಡಿ ಯಾಕೆ ತಿಂದಿರಲಿಲ್ಲ?’ ಅಂತಲೂ ಕೇಳಿದರು.

ಸಾಮಾನು ತರಲು ರೆಸಾರ್ಟಿಗೆ ಹೋದಾಗ ನಾನು ಮ್ಯಾನೇಜರ್ ಮೇಲೆ ಹಾರಾಡಿದೆ. ಅಷ್ಟು ಜನ ಓಡಾಡಿದಿರಿ, ‘ತಿಂಡಿ ಆಯ್ತಾ’ ಅಂತ ಒಬ್ಬರಾದರೂ ಕೇಳಬಾರದಿತ್ತೇ? ಆತ ಪಾಪ, ನಿಜವಾಗಿ ನೊಂದುಕೊಂಡಿದ್ದ. ‘ಮೇಡಂ, ಗೆಸ್ಟ್‌ಗಳಿಗೆ ನಾವು ಡಿಸ್ಟರ್ಬ್ ಮಾಡಲ್ಲ. ಅದೇ ನಮ್ಮ ಸರ್ವೀಸ್’ ಅಂದ.

ಆತ ಹೇಳಿದ್ದು ಸುಳ್ಳಲ್ಲ. ಈಗ ತೊಂದರೆ ಕೊಡದೆ ಇರುವುದೇ ಮರ್ಯಾದೆ. ನಮ್ಮೂರಲ್ಲಿ ತೊಂದರೆ ಕೊಡುವುದೇ ಮರ್ಯಾದೆಯಾಗಿತ್ತು. ಬಾಗಿಲು ಬಡಿಯಬೇಕು, ಮಲಗಿದವರನ್ನು ಎಬ್ಬಿಸಬೇಕು, ಒಲ್ಲೆ ಅಂದವರ ಕೈಹಿಡಿದು ಎಳೆಯಬೇಕು. ನಿಮ್ಮದೇ ಮನೆ ಅಂದ್ಕೊಳ್ಳಿ ಅಂದಿದ್ದರಲ್ಲ, ಚಿಕ್ಕಪ್ಪ ಹಾಗೇ ಅಂದುಕೊಂಡು ಮನೆಯಲ್ಲಿ ಕೂತಂತೆ ಕೂತರು.

ಅಷ್ಟಕ್ಕೂ ಹೋಟೆಲಿನವರನ್ನು ಮಾತ್ರ ಯಾಕೆ ಅನ್ನಲಿ? ಚಿತ್ರದುರ್ಗದ ಕಲ್ಯಾಣ ಮಂಟಪಗಳಲ್ಲಿ ಈಗ ಯಾರು ಯಾರನ್ನು ಕರೆಯುತ್ತಾರೆ? ತಟ್ಟೆ ಹಿಡಿದು ಕ್ಯೂ ನಿಲ್ಲುತ್ತೇವೆ. ನಮ್ಮ ಮನೆಯಲ್ಲೇ ‘ಡಬ್ಬಿಯಲ್ಲಿ ಚಪಾತಿ ಐತೆ, ಹಾಕ್ಕಳ್ರಿ’ ಅಂತ ಕೂಗಿ ನಾನು ಮೊಬೈಲ್ ಹಿಡಿದು ಕೂರುತ್ತೇನೆ. ಎಲ್ಲರ ಹೊಟ್ಟೆಯೂ ತುಂಬುತ್ತದೆ. ಕರೆಯದಿದ್ದರೆ ಏಳಲಾರದವನೊಬ್ಬ ನಮ್ಮ ನಡುವೆ ಇರಬಹುದು ಅನ್ನುವುದು ಮರೆತೇ ಹೋಗಿದೆ.

ಕಳೆದ ಭಾನುವಾರ ಹೊಸದುರ್ಗಕ್ಕೆ ಹೋಗಿದ್ದೆ. ಚಿಕ್ಕಪ್ಪ ಕಿಟಕಿ ಹತ್ತಿರ ಕುಳಿತಿದ್ದರು. ನನ್ನ ಗುರುತು ಹತ್ತಿತೋ ಇಲ್ಲವೋ, ಕೈಮುಗಿದರು. ಈಗ ಸೂಜಿ ಚುಚ್ಚುವವಳು ಸುಧಾ. ಚುಚ್ಚಿದ ಕೂಡಲೇ ಎದುರಿಗೇ ಹೋಗಿ ನಿಂತು, ಊರಿನ ದನಿಯಲ್ಲಿ, ‘ಅಪ್ಪಾಜಿ, ಊಟಕ್ಕೆ ಏಳ್ರಿ’ ಅನ್ನುತ್ತಾಳೆ. ದಿನಕ್ಕೆ ಎಷ್ಟು ಹೊತ್ತು ಊಟವೋ ಅಷ್ಟು ಹೊತ್ತೂ ತಪ್ಪದೆ ಕರೆಯುತ್ತಾಳೆ.

ಅವತ್ತೂ ಕರೆದಳು. ಚಿಕ್ಕಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಬಂದರು. ತಟ್ಟೆಯ ಮುಂದೆ ನಿಂತರು, ಕೂರಲಿಲ್ಲ. ಸುತ್ತ ಒಂದು ಸಲ ನೋಡಿದರು. ಎಷ್ಟೋ ಪಂಕ್ತಿಗಳನ್ನು ಹೀಗೆಯೇ ನೋಡಿ, ಯಾರು ಬಂದಿಲ್ಲ ಅಂತ ಹೇಳುತ್ತಿದ್ದ ಕಣ್ಣು ಅದು.

‘ಎಲ್ಲಾರ್ನೂ ಕರದ್ರೇನವ್ವ?’

‘ಎಲ್ಲಾರೂ ಬಂದಾರೆ ಅಪ್ಪಾಜಿ, ಕುಂತ್ಕಳ್ರಿ.’

‘ಎಲ್ಲಿ ಬಂದಾರೆ? ರುದ್ರಪ್ಪನ್ನ ಕರದ್ರಾ?’ ಅವರ ದನಿಯಲ್ಲಿ ನಿಜವಾದ ಕಳವಳವಿತ್ತು. ‘ಅವ್ನು ಕರೀದೆ ಬರಾನಲ್ಲ ಕಣವ್ವ. ಹಸ್ಕಂಡು ಕುಂತಿರ್ತಾನೆ. ಯಾರಾರ ಹೋಗ್ರಿ.’

ಸುಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಚಿಕ್ಕಪ್ಪ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.

ಹೋಗುತ್ತೇನೆ ಚಿಕ್ಕಪ್ಪಾ, ಆದರೆ ಈಗ ಯಾವ ಬಾಗಿಲಲ್ಲಿ ನಿಂತು ಕರೆಯಲಿ?